ಹೇಳಿದವರ ಮಾತು, ಬರೆದವರ ಹೊಣೆ

ಈ ಸಲದ ಪ್ರಶ್ನೋತ್ತರ ಅಂತಾರಾಷ್ಟ್ರೀಯ ಮಾನವ ಹಕ್ಕು ತನಿಖೆಗಳ ಬಗ್ಗೆ. ಇಂಥ ತಂಡಗಳಲ್ಲಿ ಕಾನೂನು ಅಧಿಕಾರಿಯಾಗಿ ದುಡಿದವಳು ನಾನು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ. ನಾನು ಮಾತಾಡಿಸಿದ ಸಾಕ್ಷಿಗಳ ವಿಷಯ ಬಂದಲ್ಲಿ ದೇಶ, ಊರು, ವರ್ಷ ಬಿಟ್ಟಿದ್ದೇನೆ. ಅದು ಅವರಿಗೆ ಕೊಟ್ಟ ಮಾತು.

ಪ್ರಶ್ನೆ: ಮೇಡಂ, ತನಿಖೆ ಪೊಲೀಸರದು, ವಾದ ವಕೀಲರದು. ಮಧ್ಯದಲ್ಲಿ ಈ ಕಾನೂನು ಅಧಿಕಾರಿ ಯಾರು? ದಿನವಿಡೀ ಏನು ಮಾಡುತ್ತೀರಿ?

ಜಾಸ್ತಿ ಹೊತ್ತು ಓದುವುದು, ಬರೆಯುವುದು, ಬರೆದದ್ದನ್ನು ಹೊಡೆದುಹಾಕುವುದು.

ಮೊದಲು ಈ ತಂಡ ಹುಟ್ಟುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಇದೆ. 47 ದೇಶಗಳು ಅದರ ಸದಸ್ಯರು. ಎಲ್ಲಾದರೂ ದೊಡ್ಡ ಮಟ್ಟದ ಹಿಂಸೆ ನಡೆದರೆ ಈ ಮಂಡಳಿ ಒಂದು ನಿರ್ಣಯ ಮಾಡಿ ತನಿಖಾ ಆಯೋಗವನ್ನೋ ಸತ್ಯಶೋಧನಾ ತಂಡವನ್ನೋ ನೇಮಿಸುತ್ತದೆ. ಸಾಮಾನ್ಯವಾಗಿ ಮೂವರು ಸದಸ್ಯರು, ಸ್ವತಂತ್ರ ತಜ್ಞರು, ಸಂಬಳ ಇಲ್ಲ. ಪತ್ರಿಕೆಯಲ್ಲಿ ಬರುವುದು ಅವರ ಹೆಸರು. ಅವರ ಹಿಂದೆ ಸಂಬಳಕ್ಕೆ ದುಡಿಯುವ ಒಂದು ಸಣ್ಣ ಕಚೇರಿ ಇರುತ್ತದೆ: ತನಿಖಾಧಿಕಾರಿಗಳು, ವಿಶ್ಲೇಷಕರು, ಸೇನಾ ವಿಷಯ ಬಲ್ಲವರು, ಲೈಂಗಿಕ ಹಿಂಸೆಯ ವಿಷಯದಲ್ಲಿ ಪಳಗಿದವರು, ದುಭಾಷಿಗಳು, ಭದ್ರತೆಯವರು. ಅದರಲ್ಲಿ ಒಬ್ಬರೋ ಇಬ್ಬರೋ ಕಾನೂನಿನವರು.

ನಮ್ಮ ಮೊದಲ ಕೆಲಸ, ಇಲ್ಲಿ ಯಾವ ಕಾನೂನು ನಡೆಯುತ್ತದೆ ಅಂತ ತೀರ್ಮಾನಿಸುವುದು. ನಡೆದದ್ದು ಯುದ್ಧವಾ, ಗಲಭೆಯಾ? ಯುದ್ಧವಾದರೆ ಎರಡು ದೇಶಗಳ ನಡುವಿನದ್ದಾ, ಒಂದೇ ದೇಶದೊಳಗಿನದ್ದಾ? ಕಾದಾಟದ ನಡುವೆ ಎದುರಾಳಿ ಸೈನಿಕನನ್ನು ಕೊಂದರೆ ಯುದ್ಧದ ಕಾನೂನಿನಲ್ಲಿ ಅದು ಅಪರಾಧ ಅಲ್ಲ. ಅದೇ ಸೈನಿಕ ಕೈ ಎತ್ತಿ ಶರಣಾದ ಮೇಲೆ ಗುಂಡು ಹೊಡೆದರೆ ಯುದ್ಧಾಪರಾಧ. ಒಂದೇ ಸಾವು, ಅರ್ಧ ನಿಮಿಷದ ಅಂತರ, ಕಾನೂನು ಪೂರ್ತಿ ಬೇರೆ. ಹಾಗಾಗಿ ಆ ಅರ್ಧ ನಿಮಿಷದಲ್ಲಿ ಏನಾಯಿತು ಅಂತ ಸಾಕ್ಷಿಯನ್ನು ಕೇಳಲೇಬೇಕು. ಕೇಳಬೇಕು ಅಂತ ತನಿಖಾಧಿಕಾರಿಗೆ ಮೊದಲೇ ಹೇಳಿ ಕಳಿಸುವವರು ನಾವು.

ಆಮೇಲೆ ಒಂದೊಂದು ಅಪರಾಧವನ್ನೂ ಬಿಡಿಸಿ ಪಟ್ಟಿ ಮಾಡುತ್ತೇವೆ. ಮಾನವೀಯತೆಯ ವಿರುದ್ಧದ ಅಪರಾಧ ಅನ್ನಬೇಕಾದರೆ ನಾಗರಿಕರ ಮೇಲೆ ದಾಳಿ ನಡೆದಿರಬೇಕು, ಆ ದಾಳಿ ವ್ಯಾಪಕವಾಗಿಯೋ ಯೋಜಿತವಾಗಿಯೋ ಇರಬೇಕು, ಈ ಕೃತ್ಯ ಆ ದಾಳಿಯ ಭಾಗ ಅಂತ ಮಾಡಿದವನಿಗೆ ಗೊತ್ತಿರಬೇಕು. ಪಟ್ಟಿಯ ಎಡಕ್ಕೆ ಇವೆಲ್ಲ, ಬಲಕ್ಕೆ ಪುರಾವೆ. ಬಲಗಡೆ ಖಾಲಿ ಇರುವ ಸಾಲುಗಳೇ ಮುಂದಿನ ತಿಂಗಳ ಕೆಲಸ. ಯಾವಾಗಲೂ ಖಾಲಿ ಉಳಿಯುವ ಸಾಲು ಒಂದಿದೆ: ಆದೇಶ ಕೊಟ್ಟವರು ಯಾರು? ಊರು ಸುಟ್ಟದ್ದನ್ನು ಐವತ್ತು ಜನ ಹೇಳುತ್ತಾರೆ, ಆ ಐವತ್ತು ಮಾತಿನಿಂದ ದೂರದ ಕಚೇರಿಯಲ್ಲಿ ಕೂತ ಅಧಿಕಾರಿಯವರೆಗೆ ದಾರಿ ಸಿಗುವುದಿಲ್ಲ. ಆ ದಾರಿ ಸಿಗುವುದು ಚಿಕ್ಕ ಚಿಕ್ಕ ವಿವರಗಳಲ್ಲಿ. ತೋಳಿನ ಮೇಲಿನ ಗುರುತು ಯಾವ ಬಣ್ಣದ್ದು, ಲಾರಿಗಳು ಯಾವ ಕಡೆಯಿಂದ ಬಂದವು, ಬಂದವರು ಯಾರಿಗೆ ಸೆಲ್ಯೂಟ್ ಹೊಡೆದರು, ವೈರ್‌ಲೆಸ್‌ನಲ್ಲಿ ಏನು ಕೇಳಿಸಿತು, ಆ ಅಧಿಕಾರಿ ಮುಂದಿನ ವಾರ ಯಾರನ್ನಾದರೂ ಶಿಕ್ಷಿಸಿದನಾ ಅಥವಾ ಬಡ್ತಿ ಕೊಟ್ಟನಾ. ಮೇಲಧಿಕಾರಿ ಸ್ವತಃ ಆದೇಶ ಕೊಡದೇ ಇದ್ದರೂ, ಕೈಕೆಳಗಿನವರು ಮಾಡುತ್ತಿರುವುದು ಗೊತ್ತಿದ್ದು ತಡೆಯದೆ, ಶಿಕ್ಷಿಸದೆ ಸುಮ್ಮನಿದ್ದರೆ ಅವನೂ ಹೊಣೆಗಾರ. ಕಾನೂನು ಅದಕ್ಕೆ ಜಾಗ ಕೊಟ್ಟಿದೆ.

ಕೊನೆಗೆ ವರದಿ. ಒಂದು ಉದಾಹರಣೆ ಕೊಡುತ್ತೇನೆ. ಕರಡಿನಲ್ಲಿ ಒಂದು ವಾಕ್ಯ ಬರುತ್ತದೆ: "ಸೈನಿಕರು ಗ್ರಾಮಸ್ಥರನ್ನು ಕೊಂದರು." ನಾನು ಅದರ ಪಕ್ಕ ಬರೆಯುತ್ತೇನೆ. ಸೈನಿಕರೇನಾ, ಸೈನಿಕರ ಬಟ್ಟೆ ಹಾಕಿದವರಾ? ಗ್ರಾಮಸ್ಥರು ಅಂದರೆ ಎಷ್ಟು ಜನ? ಅವರ ಹತ್ತಿರ ಆಯುಧ ಇತ್ತಾ? ಕೊಂದದ್ದನ್ನು ಕಂಡವರು ಯಾರು, ಶವ ಮಾತ್ರ ಕಂಡವರು ಯಾರು, ನೆರೆಯವರಿಂದ ಕೇಳಿದವರು ಯಾರು? ಎರಡು ದಿನ ಕಳೆದ ಮೇಲೆ ಅದೇ ವಾಕ್ಯ ಹೀಗಾಗುತ್ತದೆ: "ಸೇನೆಯ ಸಮವಸ್ತ್ರ ಧರಿಸಿದ್ದವರು ಆಯುಧವಿಲ್ಲದ ಕನಿಷ್ಠ ಆರು ಜನರನ್ನು ಗುಂಡಿಟ್ಟು ಕೊಂದರು ಎಂದು ನಂಬಲು ಸಕಾರಣವಿದೆ." ಓದುವವರಿಗೆ ಇದು ಸಪ್ಪೆ. ಆದರೆ ಈ ವಾಕ್ಯವನ್ನು ಆ ಸರ್ಕಾರದ ವಕೀಲರು ಬಂದು ಅಲ್ಲಾಡಿಸಿ ನೋಡಿದರೂ ನಿಲ್ಲುತ್ತದೆ. ಮೊದಲನೆಯದು ನಿಲ್ಲುವುದಿಲ್ಲ. ಅದು ಬಿದ್ದರೆ ಪಕ್ಕದ ಹತ್ತು ನಿಜವಾದ ವಾಕ್ಯಗಳನ್ನೂ ಎಳೆದುಕೊಂಡು ಬೀಳುತ್ತದೆ.

ಪ್ರಶ್ನೆ: ನಿಮಗೆ ಬಂಧಿಸುವ ಅಧಿಕಾರ ಇದೆಯಾ?

ಇಲ್ಲ. ಸಮನ್ಸ್ ಕಳಿಸುವ ಅಧಿಕಾರವೂ ಇಲ್ಲ. ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಪ್ರಾಸಿಕ್ಯೂಟರ್ ಇದ್ದಾರೆ, ನ್ಯಾಯಾಧೀಶರಿದ್ದಾರೆ, ವಾರಂಟ್ ಹೊರಡಿಸುತ್ತಾರೆ. 1998ರ ರೋಮ್ ಶಾಸನ ಎಂಬ ಒಪ್ಪಂದದಿಂದ ಹುಟ್ಟಿ 2002ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯಾಲಯ ಅದು. ಅದಕ್ಕೂ ಸ್ವಂತ ಪೊಲೀಸರಿಲ್ಲ, ಸದಸ್ಯ ದೇಶಗಳೇ ಹಿಡಿದುಕೊಡಬೇಕು. ನಮ್ಮದು ಅದಕ್ಕಿಂತ ಹಿಂದಿನ ಹಂತ.

ಪ್ರಶ್ನೆ: ದೇಶವೇ ಒಳಗೆ ಬಿಡದಿದ್ದರೆ? ಸ್ಥಳಕ್ಕೆ ಹೋಗದೆ ಬರೆದ ವರದಿಯನ್ನು ಯಾಕೆ ನಂಬಬೇಕು?

ನ್ಯಾಯವಾದ ಪ್ರಶ್ನೆ. ಬಾಗಿಲು ಮುಚ್ಚುವುದೇ ಮಾಮೂಲು.

ಉತ್ತರ ಕೊರಿಯಾದ ತನಿಖೆಗೆ 2013ರಲ್ಲಿ ಆಯೋಗ ಆಯಿತು. ಆಸ್ಟ್ರೇಲಿಯಾದ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಕಿರ್ಬಿ ಅದರ ಅಧ್ಯಕ್ಷರು. ಆ ದೇಶ ಒಳಗೆ ಬಿಡಲಿಲ್ಲ. ಅವರು ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ ಬಹಿರಂಗ ವಿಚಾರಣೆ ಇಟ್ಟರು. 80ಕ್ಕೂ ಹೆಚ್ಚು ಜನ ಎಲ್ಲರೆದುರು ಮಾತಾಡಿದರು, 240ಕ್ಕೂ ಹೆಚ್ಚು ಜನರನ್ನು ಗುಟ್ಟಾಗಿ ಮಾತಾಡಿಸಿದರು. ಹೇಳಿದ್ದನ್ನು ಸುಳ್ಳು ಅನ್ನಬೇಕಿದ್ದರೆ ಆ ಸರ್ಕಾರ ಬಂದು ಪ್ರಶ್ನೆ ಕೇಳಬಹುದಿತ್ತು, ಆಹ್ವಾನವೂ ಹೋಗಿತ್ತು. ಬರಲಿಲ್ಲ. ಮ್ಯಾನ್ಮಾರ್ ಕೂಡ 2017ರ ಸತ್ಯಶೋಧನಾ ತಂಡವನ್ನು ಬಿಡಲಿಲ್ಲ. ತಂಡದವರು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ಶಿಬಿರಗಳಿಗೂ ಬೇರೆ ದೇಶಗಳಿಗೂ ಹೋಗಿ 875 ಜನರ ಹೇಳಿಕೆ ಪಡೆದರು. ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಜನ ಹೇಳಿದ ಸುಟ್ಟ ಊರುಗಳನ್ನು ಉಪಗ್ರಹದ ಚಿತ್ರಗಳ ಜೊತೆ ಇಟ್ಟು ನೋಡಿದರು. ಕನಿಷ್ಠ 392 ಹಳ್ಳಿಗಳು ಭಾಗಶಃ ಅಥವಾ ಪೂರ್ತಿ ನಾಶವಾಗಿದ್ದವು. ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಬೇರೆ ಬೇರೆ ಶಿಬಿರಗಳಲ್ಲಿದ್ದವರು ಅದೇ ಊರು, ಅದೇ ದಿನ, ಅದೇ ದಿಕ್ಕು ಹೇಳಿ, ಆಕಾಶದಿಂದ ತೆಗೆದ ಚಿತ್ರವೂ ಅದನ್ನೇ ತೋರಿಸಿದರೆ, ಸ್ಥಳಕ್ಕೆ ಹೋಗಿಲ್ಲ ಅನ್ನುವ ಆಕ್ಷೇಪ ತೆಳ್ಳಗಾಗುತ್ತದೆ.

ಆದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ತಪ್ಪಿಸಿಕೊಂಡು ಬಂದವರ ಮಾತು ಮಾತ್ರ ನಮಗೆ ಸಿಗುತ್ತದೆ. ಹಾಸಿಗೆ ಹಿಡಿದವರು, ಜೈಲಿನಲ್ಲಿರುವವರು, ದಾರಿಗೆ ದುಡ್ಡಿಲ್ಲದವರು ಅಲ್ಲೇ ಉಳಿದಿರುತ್ತಾರೆ. ಅವರ ದನಿ ಇದರಲ್ಲಿ ಇಲ್ಲ ಅಂತ ವರದಿಯಲ್ಲೇ ಬರೆಯಬೇಕು.

ಪ್ರಶ್ನೆ: ಸಾವಿರಾರು ಜನ ಸತ್ತಾಗಲೂ 'ನರಮೇಧ' ಅಂತ ಹೇಳಲು ನಿಮ್ಮಂಥವರು ಹಿಂದೆಮುಂದೆ ನೋಡುತ್ತೀರಿ. ಹೆದರಿಕೆಯಾ?

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಸಾಕ್ಷಿಗಳೂ ಇದನ್ನೇ ಕೇಳುತ್ತಾರೆ. ಇದು ಹೆದರಿಕೆಯಲ್ಲ. 1948ರ ನರಮೇಧ ಒಪ್ಪಂದದಲ್ಲಿ ಸತ್ತವರ ಸಂಖ್ಯೆ ಮುಖ್ಯವೇ ಅಲ್ಲ. ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. ರಾಜಕೀಯ ವಿರೋಧಿಗಳನ್ನು ಲಕ್ಷಗಟ್ಟಲೆ ಕೊಂದರೂ ಆ ಒಪ್ಪಂದದ ಪ್ರಕಾರ ಅದು ನರಮೇಧ ಆಗುವುದಿಲ್ಲ. ಇದು ಸರಿಯಲ್ಲ ಅಂತ ನನಗೂ ಅನಿಸುತ್ತದೆ, ಆದರೆ ಇರುವ ಕಾನೂನು ಅದು. ಇನ್ನು ಉದ್ದೇಶ ಅನ್ನುವುದು ತಲೆಯೊಳಗಿನ ವಿಷಯ, ಅದನ್ನು ಯಾರೂ ಕಾಗದದ ಮೇಲೆ ಬರೆದಿಡುವುದಿಲ್ಲ. ಭಾಷಣಗಳಿಂದ, ಯಾರನ್ನು ಆರಿಸಿ ಕೊಂದರು ಯಾರನ್ನು ಬಿಟ್ಟರು ಅನ್ನುವುದರಿಂದ, ಮಕ್ಕಳನ್ನು ಏನು ಮಾಡಿದರು ಅನ್ನುವುದರಿಂದ ಕೂಡಿಸಿ ತೋರಿಸಬೇಕು.

ಒಂದು ಅಂತಾರಾಷ್ಟ್ರೀಯ ನ್ಯಾಯಾಲಯ ವಿಚಾರಣೆ ಮಾಡಿ ನರಮೇಧದ ತೀರ್ಪು ಕೊಟ್ಟದ್ದು ಮೊದಲ ಬಾರಿ 1998ರಲ್ಲಿ, ರುವಾಂಡಾದ ಹತ್ಯಾಕಾಂಡದ ವಿಚಾರಣೆಗೆ ವಿಶ್ವಸಂಸ್ಥೆ ಮಾಡಿದ ನ್ಯಾಯಮಂಡಳಿಯಲ್ಲಿ. ಆರೋಪಿ ಟಾಬಾ ಎಂಬ ಊರಿನ ಮೇಯರ್ ಆಗಿದ್ದ ಜೀನ್‌ಪಾಲ್ ಅಕಾಯೆಸು. ಮೊದಲಿನ ದೋಷಾರೋಪ ಪಟ್ಟಿಯಲ್ಲಿ ಅತ್ಯಾಚಾರದ ಸೊಲ್ಲೇ ಇರಲಿಲ್ಲ. ವಿಚಾರಣೆ ನಡೆಯುವಾಗ ಒಬ್ಬ ತಾಯಿ ತನ್ನ ಮಗಳಿಗೆ ಆದದ್ದನ್ನು ತಾನಾಗಿಯೇ ಹೇಳಿದಳು, ಮತ್ತೊಬ್ಬಳು ಹೇಳಿದಳು, ನ್ಯಾಯಪೀಠದಲ್ಲಿದ್ದ ಒಬ್ಬರೇ ಮಹಿಳಾ ನ್ಯಾಯಾಧೀಶರಾದ ನವನೀತಂ ಪಿಳ್ಳೈ ಇನ್ನಷ್ಟು ಕೇಳಿದರು. 1997ರಲ್ಲಿ ಪಟ್ಟಿಯನ್ನು ತಿದ್ದಿದರು. ತೀರ್ಪಿನಲ್ಲಿ ಅತ್ಯಾಚಾರವೂ ನರಮೇಧದ ಕೃತ್ಯ ಆಗಬಹುದು ಅಂತ ಮೊದಲ ಸಲ ಬಂತು. ಕೇಳುವವರು ಕೇಳದಿದ್ದರೆ ಇಡೀ ಅಪರಾಧವೇ ದಾಖಲೆಯಿಂದ ಹೊರಗೆ ಉಳಿದುಹೋಗುತ್ತಿತ್ತು.

ಮತ್ತೆ, ಮಾನವೀಯತೆಯ ವಿರುದ್ಧದ ಅಪರಾಧ ಅನ್ನುವುದು ನರಮೇಧಕ್ಕಿಂತ ಒಂದು ಮೆಟ್ಟಿಲು ಕೆಳಗಿನದ್ದು ಅಂದುಕೊಳ್ಳಬೇಡಿ. ಅದು ಬೇರೆ ಅಪರಾಧ, ಅಷ್ಟೆ. ಶಿಕ್ಷೆಯೂ ಅಷ್ಟೇ ಘೋರ.

ಪ್ರಶ್ನೆ: ನಾನು ದುಭಾಷಿ. ನೊಂದವರ ಹೇಳಿಕೆ ಪಡೆಯುವಾಗ ಕೂರಬೇಕಾಗಿ ಬಂದರೆ ಏನು ನೆನಪಿಡಬೇಕು?

ನೀವು ಕೇಳಿದ್ದು ತುಂಬ ಒಳ್ಳೆಯದಾಯಿತು. ಈ ಕೆಲಸದಲ್ಲಿ ಅರ್ಧ ಭಾರ ದುಭಾಷಿಯ ಮೇಲಿದೆ, ಹೆಸರು ಮಾತ್ರ ಎಲ್ಲೂ ಬರುವುದಿಲ್ಲ.

ಕೋಣೆಯಿಂದ ಶುರು ಮಾಡೋಣ. ಬಾಗಿಲಿಗೆ ಅಡ್ಡ ಯಾರೂ ಕೂರಬಾರದು. ಬಾಗಿಲಿನ ಹತ್ತಿರದ ಕುರ್ಚಿ ಸಾಕ್ಷಿಗೆ. ಬಂಧನದಲ್ಲಿದ್ದು ಬಂದವರಿಗೆ, ಬೇಕಾದಾಗ ಎದ್ದು ಹೋಗಬಹುದು ಅನ್ನುವುದು ಬಾಯಿಮಾತಿಗಿಂತ ಕಣ್ಣಿಗೆ ಕಾಣಬೇಕು. ನೀರು ಇಡಿ. ಮೊದಲ ಇಪ್ಪತ್ತು ನಿಮಿಷ ಘಟನೆಯ ಮಾತೇ ಎತ್ತುವುದಿಲ್ಲ. ನಾವು ಯಾರು, ಯಾಕೆ ಬಂದೆವು, ಏನು ಮಾಡಲು ಆಗುವುದಿಲ್ಲ ಅಂತ ಹೇಳುತ್ತೇವೆ. ಆಶ್ರಯದ ಕಾಗದ ಕೊಡಿಸಲು ಆಗುವುದಿಲ್ಲ. ಹೇಳಿಕೆಗೆ ದುಡ್ಡು ಕೊಡುವುದಿಲ್ಲ. ನ್ಯಾಯ ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡಲು ಆಗುವುದಿಲ್ಲ. ಇದನ್ನು ದುಭಾಷಿ ಮೆತ್ತಗೆ ಮಾಡಿ ಹೇಳಿದರೆ, ಸ್ವಲ್ಪ ಭರವಸೆ ಸೇರಿಸಿ ಹೇಳಿದರೆ, ಎದುರಿಗಿರುವವರಿಗೆ ಅದು ಮೋಸವೇ.

ಆಮೇಲೆ ಒಪ್ಪಿಗೆ. ಒಂದೇ ಒಪ್ಪಿಗೆ ಸಾಲದು. ವರದಿಯಲ್ಲಿ ಹೆಸರಿಲ್ಲದೆ ಬಳಸಬಹುದಾ? ಯಾವುದಾದರೂ ಅಂತಾರಾಷ್ಟ್ರೀಯ ನ್ಯಾಯಾಲಯ ಕೇಳಿದರೆ ಕೊಡಬಹುದಾ? ಬೇರೆ ದೇಶದ ಪೊಲೀಸರು ಕೇಳಿದರೆ? ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಬ್ಬ ಹೆಂಗಸು ನನ್ನ ಎದುರು ಕೂತು ಮೊದಲನೆಯದಕ್ಕೆ ಹೂಂ ಅಂದಳು, ಉಳಿದ ಎರಡಕ್ಕೂ ಬೇಡ ಅಂದಳು. ಅವಳ ತಮ್ಮ ಇನ್ನೂ ಆ ದೇಶದಲ್ಲೇ ಇದ್ದ. ಅವಳ ಹೇಳಿಕೆಯಲ್ಲಿ ನಾವು ಎಷ್ಟೋ ತಿಂಗಳಿಂದ ಹುಡುಕುತ್ತಿದ್ದ ಒಬ್ಬ ಅಧಿಕಾರಿಯ ಹೆಸರಿತ್ತು, ಅವನನ್ನು ಅವಳು ಕಣ್ಣಾರೆ ಕಂಡಿದ್ದಳು. ಅವಳು ಬೇಡ ಅಂದದ್ದನ್ನು ಕಡತದ ಮೇಲೆ ದೊಡ್ಡದಾಗಿ ಬರೆದೆ. ಅಲ್ಲಿಗೆ ಮುಗಿಯಿತು. ಮನಸ್ಸು ಬದಲಾದರೆ ತಿಳಿಸಲು ಒಂದು ದಾರಿ ಕೊಟ್ಟು ಬಂದೆವು, ಒತ್ತಾಯ ಮಾಡಲಿಲ್ಲ. ಇದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಮೇಲಿನ ನಿಯಮ. ನಮ್ಮಿಂದ ಅವರಿಗೆ ಇನ್ನೊಂದು ಕೇಡು ಆಗಬಾರದು. ಪುರಾವೆ ಎಷ್ಟೇ ಬೆಲೆಬಾಳಲಿ, ಅದು ಅವರ ಬದುಕು, ನಮ್ಮ ವಸ್ತು ಅಲ್ಲ.

ಪ್ರಶ್ನೆಗಳು ತೆರೆದಿರಬೇಕು. "ಆ ದಿನ ಬೆಳಗ್ಗೆ ಎದ್ದಾಗಿನಿಂದ ಹೇಳಿ" ಅಂತ ಬಿಟ್ಟರೆ ಸಾಕು. "ಬಂದವರು ಸೈನಿಕರೇ ಅಲ್ವಾ?" ಅಂತ ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಹಾಕಿದ ಹಾಗೆ. ಸಾಕ್ಷಿ 'ನಾನು' ಅಂದರೆ ನೀವೂ 'ನಾನು' ಅನ್ನಿ, 'ಆಕೆ ಹೇಳುತ್ತಾಳೆ' ಅಂತ ಬೇಡ. ಏನನ್ನೂ ಸೇರಿಸಬೇಡಿ, ಬಿಡಬೇಡಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅಂತ ಹೇಳಿ, ಊಹಿಸಬೇಡಿ. ಸಾಕ್ಷಿ ಅತ್ತಾಗ ಸಮಾಧಾನ ಮಾಡಬೇಕು ಅನಿಸುತ್ತದೆ. ಸುಮ್ನೆ ಕೂರಿ, ಅದೇ ಸಾಕಾಗುತ್ತದೆ. ಸಾಕ್ಷಿಯ ಸಮುದಾಯದವರೇ ನೀವಾಗಿದ್ದರೆ ಮೊದಲೇ ತಂಡಕ್ಕೆ ತಿಳಿಸಿ, ಸಾಕ್ಷಿಯನ್ನೂ ಕೇಳಬೇಕು. ಕೆಲವರಿಗೆ ತಮ್ಮವರೆದುರೇ ಹೇಳುವುದು ಕಷ್ಟ.

ಮುಗಿಸುವಾಗ ಅತಿ ನೋವಿನ ಜಾಗದಲ್ಲಿ ನಿಲ್ಲಿಸಿ ಎದ್ದುಬರಬಾರದು. ಇವತ್ತಿಗೆ, ಈಗಿನ ಬದುಕಿಗೆ ಮಾತನ್ನು ತಂದು, ವೈದ್ಯರೋ ಆಪ್ತಸಲಹೆಯೋ ಬೇಕಾದರೆ ಎಲ್ಲಿ ಸಿಗುತ್ತದೆ ಅಂತ ತಿಳಿಸಿ ಏಳಬೇಕು. ಇನ್ನೊಂದು ವಿಷಯ ನನ್ನನ್ನು ತುಂಬ ಕಾಡುತ್ತದೆ. ಒಂದೇ ಶಿಬಿರಕ್ಕೆ ಹತ್ತಾರು ಸಂಸ್ಥೆಗಳು, ಪತ್ರಕರ್ತರು ಹೋಗಿ, ಮಾತಾಡಲು ಒಪ್ಪಿದ ಅದೇ ನಾಲ್ಕು ಹೆಂಗಸರನ್ನು ಮತ್ತೆ ಮತ್ತೆ ಮಾತಾಡಿಸುತ್ತಾರೆ. ಪ್ರತಿ ಸಲ ಹೇಳಿದಾಗ ಸಣ್ಣಪುಟ್ಟ ವಿವರ ಬದಲಾಗುತ್ತದೆ, ಯಾರದ್ದಾದರೂ ಹಾಗೇ. ಮುಂದೆ ಆರೋಪಿಯ ವಕೀಲರು ಆ ವ್ಯತ್ಯಾಸವನ್ನೇ ಹಿಡಿದು ಸುಳ್ಳಿ ಅನ್ನುತ್ತಾರೆ. ಲೈಂಗಿಕ ಹಿಂಸೆಯಿಂದ ಬದುಕುಳಿದವರ ಹೇಳಿಕೆ ಹೇಗೆ ಪಡೆಯಬೇಕು ಅಂತ 2022ರಲ್ಲಿ, ಐಸಿಸ್ ಸೆರೆಯಿಂದ ಪಾರಾಗಿ ಬಂದ ಯಜೀದಿ ಮಹಿಳೆ ನಾದಿಯಾ ಮುರಾದ್ ಹೆಸರಿನಲ್ಲೇ ಒಂದು ಸಂಹಿತೆ ಬಂದಿದೆ. ಅದರ ತಿರುಳು ಇಷ್ಟು: ಕೇಳಲೇಬೇಕಾ ಅಂತ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಿ.

ಪ್ರಶ್ನೆ: ನನ್ನ ಗೆಳತಿ ಯುದ್ಧ ನಡೆಯುತ್ತಿರುವ ದೇಶದಲ್ಲಿದ್ದಾಳೆ. ಅವಳ ಫೋನಿನಲ್ಲಿ ಕೆಲವು ವಿಡಿಯೊಗಳಿವೆ. ಪುರಾವೆ ಆಗುತ್ತಾ? ಏನು ಮಾಡಬೇಕು?

ಆಗಬಹುದು. 2017ರ ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಲಿಬಿಯಾದ ಮಹಮೂದ್ ಅಲ್ ವರ್ಫಲ್ಲಿ ಎಂಬ ಕಮಾಂಡರ್ ಮೇಲೆ ವಾರಂಟ್ ಹೊರಡಿಸಿತು. ಏಳು ಘಟನೆ, 33 ಜನರ ಕೊಲೆಯ ಆರೋಪ. ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದ ವಿಡಿಯೊಗಳೇ ಅದರಲ್ಲಿ ಮುಖ್ಯ ಆಧಾರ. ಅವನನ್ನು ಹಿಡಿದುಕೊಡಲಿಲ್ಲ, 2021ರಲ್ಲಿ ಬೆಂಗಾಜಿಯಲ್ಲಿ ಯಾರೋ ಗುಂಡಿಟ್ಟು ಕೊಂದರು. ವಿಚಾರಣೆ ನಡೆಯಲೇ ಇಲ್ಲ.

ಗೆಳತಿಗೆ ಮೊದಲು ಹೇಳಬೇಕಾದ್ದು: ಆ ಫೋನ್ ಇಟ್ಟುಕೊಂಡು ತಪಾಸಣೆಯ ಜಾಗ ದಾಟುವುದು ಜೀವಕ್ಕೆ ಅಪಾಯವಾದರೆ ಅಳಿಸಿಬಿಡಲಿ. ಯಾವ ಪುರಾವೆಯೂ ಅವಳಿಗಿಂತ ದೊಡ್ಡದಲ್ಲ.

ಇಟ್ಟುಕೊಳ್ಳಬಹುದಾದರೆ ಮೂಲ ಫೈಲನ್ನು ಮುಟ್ಟಬಾರದು. ಕತ್ತರಿಸುವುದು, ಹಾಡು ಸೇರಿಸುವುದು, ಮುಖ ಮಸುಕು ಮಾಡುವುದು, ಮೇಲೆ ಬರೆಯುವುದು ಯಾವುದೂ ಬೇಡ. ಹಂಚಲೇಬೇಕಾದರೆ ಪ್ರತಿಯಲ್ಲಿ ಮಾಡಲಿ. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ವಿಡಿಯೊ ಕುಗ್ಗುತ್ತದೆ, ಯಾವ ಫೋನು, ಯಾವ ಹೊತ್ತು, ಯಾವ ಜಾಗ ಅನ್ನುವ ಒಳಗಿನ ಮಾಹಿತಿ ಹೋಗಿಬಿಡುತ್ತದೆ. ಅದು ಹೋದರೆ ನಮ್ಮ ಕೆಲಸ ಹತ್ತು ಪಾಲು ಜಾಸ್ತಿ. ತೆಗೆದವರು ಯಾರು, ಎಲ್ಲಿ ನಿಂತು ತೆಗೆದರು, ಯಾವ ದಿನ, ಆಮೇಲೆ ಯಾರ ಕೈಗೆ ಹೋಯಿತು ಅಂತ ಬೇರೆಯಾಗಿ ಬರೆದಿಟ್ಟುಕೊಳ್ಳಲಿ. ಆ ಬರಹ ವಿಡಿಯೊ ಜೊತೆ ಒಂದೇ ಜಾಗದಲ್ಲಿ ಇರುವುದು ಬೇಡ.

ನಮ್ಮ ಕೈಗೆ ಬಂದ ಕೂಡಲೇ ಮೊದಲು ಮಾಡುವುದು ಹ್ಯಾಶ್ ತೆಗೆಯುವುದು. ಅದು ಫೈಲಿನ ಬೆರಳಚ್ಚು ಇದ್ದಹಾಗೆ, ಉದ್ದದ ಒಂದು ಸಂಖ್ಯೆ. ಒಳಗೆ ಒಂದೇ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಐದು ವರ್ಷ ಬಿಟ್ಟು ನ್ಯಾಯಾಲಯದಲ್ಲಿ ಇದು ಅದೇ ಫೈಲು ಅಂತ ತೋರಿಸಬಹುದು. ಆಮೇಲೆ ವಿಶ್ಲೇಷಕರು ಕೂರುತ್ತಾರೆ. ಹಿಂದೆ ಕಾಣುವ ಮಸೀದಿಯ ಗೋಪುರ, ನೀರಿನ ಟ್ಯಾಂಕು, ಬೆಟ್ಟದ ಅಂಚು ಇವನ್ನು ಉಪಗ್ರಹ ಚಿತ್ರದ ಜೊತೆ ಹೊಂದಿಸಿ ಜಾಗ ಹಿಡಿಯುತ್ತಾರೆ. ಕಂಬದ ನೆರಳಿನ ಉದ್ದ, ದಿಕ್ಕು ನೋಡಿ ಹೊತ್ತು ಹಿಡಿಯುತ್ತಾರೆ. ಅದೇ ವಿಡಿಯೊ ಮೊದಲೇ ಬೇರೆ ಯುದ್ಧದ ಹೆಸರಿನಲ್ಲಿ ಓಡಾಡಿದೆಯಾ ಅಂತ ಹುಡುಕುತ್ತಾರೆ, ಎಷ್ಟೋ ಸಲ ಓಡಾಡಿರುತ್ತದೆ. ಇದಕ್ಕೆಲ್ಲ ಒಂದು ಕ್ರಮ ಇರಲಿ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯೂ ಬರ್ಕಲಿ ವಿಶ್ವವಿದ್ಯಾಲಯವೂ ಸೇರಿ 2020ರಲ್ಲಿ ಬರ್ಕಲಿ ಪ್ರೋಟೋಕಾಲ್ ತಂದವು.

ಯೂಟ್ಯೂಬ್‌ನಲ್ಲಿ ಹಾಕಿದ್ದೇನೆ, ಅಲ್ಲೇ ಇರುತ್ತದೆ ಅಂತ ಬಿಡಬೇಡಿ. 2017ರಲ್ಲಿ ಉಗ್ರವಾದದ ವಿಡಿಯೊ ತೆಗೆಯುವ ಹೊಸ ವ್ಯವಸ್ಥೆ ಬಂದಾಗ ಸಿರಿಯಾ ಯುದ್ಧದ ದಾಖಲೆಗಳೂ ರಾಶಿ ರಾಶಿಯಾಗಿ ಮಾಯವಾದವು. ಆಮೇಲೆ ಕೆಲವು ವಾಪಸ್ ಬಂದವು, ಎಲ್ಲವೂ ಅಲ್ಲ.

ಮತ್ತೆ, ವಿಡಿಯೊದಲ್ಲಿರುವ ನೊಂದವರನ್ನು ಹುಡುಕಿಕೊಂಡು ಹೋಗಿ ಗೆಳತಿಯೇ ಹೇಳಿಕೆ ಪಡೆಯುವುದು ಬೇಡ. ಯಾಕೆ ಅಂತ ಮೇಲಿನ ಉತ್ತರದಲ್ಲಿದೆ.

ಪ್ರಶ್ನೆ: ಬಲಹೀನ ದೇಶಗಳ ಮೇಲೆ ಮಾತ್ರ ತನಿಖೆ, ಬಲಶಾಲಿಗಳ ಮೇಲೆ ಇಲ್ಲ. ಇದನ್ನು ನ್ಯಾಯ ಅನ್ನುತ್ತೀರಾ?

ಯಾವ ದೇಶದ ಮೇಲೆ ತನಿಖೆ ಆಗಬೇಕು ಅಂತ ತೀರ್ಮಾನಿಸುವವರು ಸರ್ಕಾರಗಳು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವಿಟೋ ಇದೆ, ಅವುಗಳಲ್ಲಿ ಒಂದು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. ಮಾನವ ಹಕ್ಕುಗಳ ಮಂಡಳಿಯಲ್ಲಿ ವಿಟೋ ಇಲ್ಲ, ಆದರೆ ಮತ ಲೆಕ್ಕಾಚಾರ ಇದ್ದೇ ಇದೆ. ಹಾಗಾಗಿ ಪಟ್ಟಿ ಸಮವಾಗಿಲ್ಲ. ನಿಮ್ಮ ಮಾತನ್ನು ಒಪ್ಪುತ್ತೇನೆ.

ಒಂದನ್ನು ಒಪ್ಪುವುದಿಲ್ಲ. ಅಲ್ಲಿ ತನಿಖೆ ಆಗಿಲ್ಲ, ಹಾಗಾಗಿ ಇಲ್ಲೂ ಬೇಡ ಅನ್ನುವ ವಾದವನ್ನು ಕೊಂದವರ ಕಡೆಯವರೇ ಜಾಸ್ತಿ ಆಡುತ್ತಾರೆ. ಸತ್ತವರ ಮನೆಯವರು ಆಡಿದ್ದನ್ನು ನಾನು ಕೇಳಿಲ್ಲ. ಅವರು ಕೇಳುವುದು ನಮ್ಮ ಊರಿಗೂ ಬನ್ನಿ ಅಂತ. ತಂಡದೊಳಗೆ ನಮ್ಮ ಕೈಯಲ್ಲಿರುವುದು ಒಂದೇ, ಒಂದು ಸಂಘರ್ಷದಲ್ಲಿ ಇಳಿದ ಎಲ್ಲ ಪಕ್ಷಗಳನ್ನೂ ಒಂದೇ ಅಳತೆಯಲ್ಲಿ ಅಳೆಯುವುದು. ಬಂಡುಕೋರರು ಮಾಡಿದ ಕೊಲೆಯನ್ನು, ಅವರ ಹೋರಾಟ ನ್ಯಾಯವಾದದ್ದು ಅಂತ ಅಡಿಟಿಪ್ಪಣಿಗೆ ಇಳಿಸಬಾರದು. ಈ ವಿಷಯದಲ್ಲಿ ಸ್ನೇಹಿತರನ್ನು ಕಳೆದುಕೊಂಡವರಿದ್ದಾರೆ.

ಪ್ರಶ್ನೆ: ವರದಿ ಬರುತ್ತದೆ, ಕಪಾಟು ಸೇರುತ್ತದೆ. ಇದರಿಂದ ಯಾರಿಗಾದರೂ ಶಿಕ್ಷೆ ಆಗಿದೆಯಾ?

ತಡವಾಗಿ, ಕೆಲವರಿಗೆ. ಸಿರಿಯಾದ ಮೇಲೆ ತನಿಖಾ ಆಯೋಗ ಆದದ್ದು 2011ರಲ್ಲಿ. ಭದ್ರತಾ ಮಂಡಳಿ ಆ ವಿಷಯವನ್ನು ಹೇಗ್‌ಗೆ ಕಳಿಸಲು ನೋಡಿದಾಗ 2014ರಲ್ಲಿ ರಷ್ಯಾ, ಚೀನಾ ವಿಟೋ ಹಾಕಿದವು. ಆಮೇಲೆ 2016ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಬೇರೆ ದಾರಿ ಹಿಡಿಯಿತು. ಪುರಾವೆ ಸೇರಿಸಿ, ಕಡತ ಕಟ್ಟಿ, ಯಾವ ದೇಶದ ನ್ಯಾಯಾಲಯ ಕೇಳುತ್ತದೋ ಅದಕ್ಕೆ ಕೊಡುವ ಒಂದು ಕಚೇರಿಯನ್ನೇ ಮಾಡಿತು. ಇತ್ತ ಸಿರಿಯಾದ ಸೇನಾ ಪೊಲೀಸ್ ಛಾಯಾಗ್ರಾಹಕನೊಬ್ಬ ಸುಮಾರು 53,000 ಚಿತ್ರಗಳನ್ನು ಹೊರಗೆ ಸಾಗಿಸಿದ್ದ, ಅದರಲ್ಲಿ ಬಂಧನದಲ್ಲಿ ಸತ್ತವರ ಶವಗಳ ಚಿತ್ರ ಸಾವಿರಾರು. ಜರ್ಮನಿಯ ಕೋಬ್ಲೆಂಜ್ ನ್ಯಾಯಾಲಯ 2022ರ ಜನವರಿ 13ರಂದು ಡಮಾಸ್ಕಸ್‌ನ ಒಂದು ಬಂಧನ ಕೇಂದ್ರದ ತನಿಖಾ ಮುಖ್ಯಸ್ಥನಾಗಿದ್ದ ಅನ್ವರ್ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಚಿತ್ರಗಳೂ ಅಲ್ಲಿ ಪುರಾವೆಯಾಗಿದ್ದವು. ಬದುಕುಳಿದವರು ಬಂದು ಅವನ ಎದುರೇ ಹೇಳಿದರು.

ಇನ್ನೊಂದು, ಗಾಂಬಿಯಾ ಎಂಬ ಸಣ್ಣ ದೇಶ 2019ರ ನವೆಂಬರ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ನರಮೇಧದ ದೂರು ಹಿಡಿದು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇದು ಮೇಲೆ ಹೇಳಿದ ಕ್ರಿಮಿನಲ್ ನ್ಯಾಯಾಲಯ ಅಲ್ಲ, ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ನ್ಯಾಯಾಲಯ. ಎರಡೇ ತಿಂಗಳ ಮೇಲೆ ರೋಹಿಂಗ್ಯಾ ಜನರನ್ನು ರಕ್ಷಿಸಬೇಕು ಅಂತ ತಾತ್ಕಾಲಿಕ ಆದೇಶ ಬಂತು. ಗಾಂಬಿಯಾ ಕೈಯಲ್ಲಿ ಹಿಡಿದುಕೊಂಡು ಹೋದದ್ದು ಮೇಲೆ ಹೇಳಿದ ಮ್ಯಾನ್ಮಾರ್ ಸತ್ಯಶೋಧನಾ ತಂಡದ ವರದಿಯನ್ನೇ. ನ್ಯಾಯಾಧೀಶರೂ ಅದನ್ನು ಉಲ್ಲೇಖಿಸಿದರು. ಆ ಆದೇಶದಿಂದ ಶಿಬಿರದಲ್ಲಿರುವವರ ಬದುಕು ಬದಲಾಗಿಲ್ಲ, ಅದನ್ನೂ ಹೇಳಲೇಬೇಕು.

ಪ್ರಶ್ನೆ: ಇಂಥದ್ದನ್ನೆಲ್ಲ ನೋಡಿ ರಾತ್ರಿ ನಿದ್ದೆ ಬರುತ್ತಾ?

ಕೆಲವು ವಾರ ಬರುವುದಿಲ್ಲ. ಹಿಂಸೆಯನ್ನು ಅನುಭವಿಸಿದವರಿಗೆ ಆಗುವ ಗಾಯ, ದಿನವೂ ಅದನ್ನು ಕೇಳುವವರಿಗೂ ನೋಡುವವರಿಗೂ ಬೇರೆ ರೂಪದಲ್ಲಿ ಆಗುತ್ತದೆ, ಈಗ ಇದನ್ನು ಎಲ್ಲ ತಂಡಗಳೂ ಒಪ್ಪುತ್ತವೆ. ನಾವು ಪಾಲಿಸುವುದು ಸರಳ ಸಂಗತಿಗಳು. ವಿಡಿಯೊ ಮೊದಲ ಸಲ ನೋಡುವಾಗ ಧ್ವನಿ ಬಂದ್ ಮಾಡಿ, ಚಿಕ್ಕ ಕಿಟಕಿಯಲ್ಲಿ, ಬೇಕಾದರೆ ಬಣ್ಣ ತೆಗೆದು ನೋಡಿ. ದೃಶ್ಯಕ್ಕಿಂತ ಕೂಗು ಜಾಸ್ತಿ ಒಳಗಿಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಬೇಡ, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಏನೂ ಹೇಳದೆ ವಿಡಿಯೊವನ್ನು ಸಹೋದ್ಯೋಗಿಗೆ ಕಳಿಸಬೇಡಿ, ಒಳಗೇನಿದೆ ಅಂತ ಮೊದಲೇ ಬರೆದು ಕಳಿಸಿ. ಮಕ್ಕಳ ಕಡತಗಳನ್ನು ಒಬ್ಬರ ಮೇಲೇ ಹೊರಿಸಬೇಡಿ. ಆಪ್ತಸಲಹೆಗಾರರ ಹತ್ತಿರ ಹೋಗುವುದಕ್ಕೆ ನಾಚಿಕೆ ಪಡುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಗಟ್ಟಿಗರು ಅನಿಸಿಕೊಂಡವರೇ ಈ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದದ್ದನ್ನು ಕಂಡಿದ್ದೇನೆ.

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ. ಈ ಕೆಲಸಕ್ಕೆ ಬರಲು ಏನು ಮಾಡಲಿ?

ಮಾನವ ಹಕ್ಕು ಅಂತ ಹೆಸರಿರುವ ಸ್ನಾತಕೋತ್ತರ ಪದವಿಗೆ ಎಲ್ಲರೂ ಓಡುತ್ತಾರೆ. ಪದವಿ ಬೇಕು, ನಿಜ. ಅದರ ಜೊತೆಗೆ ಕೆಲವು ವರ್ಷ ಸಾಮಾನ್ಯ ಕ್ರಿಮಿನಲ್ ಪ್ರಕರಣಗಳಲ್ಲಿ ಕೆಲಸ ಮಾಡಿ ಅಂತ ನಾನು ಹೇಳುತ್ತೇನೆ. ಸಾಕ್ಷಿಯನ್ನು ಪಾಟಿಸವಾಲು ಮಾಡಿದಾಗ ಹೇಳಿಕೆ ಹೇಗೆ ಬಿರುಕು ಬಿಡುತ್ತದೆ ಅಂತ ನೋಡಿದವರು ಹೇಳಿಕೆಯನ್ನು ಬೇರೆ ಥರ ಬರೆಯುತ್ತಾರೆ. ಉಚಿತ ಕಾನೂನು ನೆರವು, ನಿರಾಶ್ರಿತರ ಅರ್ಜಿ, ಕೈದಿಗಳ ಪ್ರಕರಣ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ವಿಶ್ವಸಂಸ್ಥೆಯಲ್ಲಿ ವೃತ್ತಿಪರ ಹುದ್ದೆಗಳ ದರ್ಜೆಗೆ 'ಪಿ' ಅನ್ನುತ್ತಾರೆ. ಪಿ-2 ಹುದ್ದೆಗೆ ಸಾಮಾನ್ಯವಾಗಿ ಎರಡು ವರ್ಷ, ಪಿ-3ಕ್ಕೆ ಐದು, ಪಿ-4ಕ್ಕೆ ಏಳು ವರ್ಷದ ಅನುಭವ ಕೇಳುತ್ತಾರೆ. 32 ವರ್ಷ ಮೀರದವರಿಗೆ ಯುವ ವೃತ್ತಿಪರರ ಪರೀಕ್ಷೆ ಇದೆ, ಆದರೆ ಯಾವ ದೇಶದವರು ಬರೆಯಬಹುದು ಅನ್ನುವ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಇಂಟರ್ನ್‌ಶಿಪ್‌ಗೆ ಅಲ್ಲಿ ಸಂಬಳ ಇಲ್ಲ, ಅದರಿಂದ ಅನುಕೂಲಸ್ಥರ ಮಕ್ಕಳೇ ಒಳಗೆ ಬರುವಂತಾಗಿದೆ. ಇದು ನನಗೆ ಬಹಳ ಬೇಸರದ ವಿಷಯ. ಸ್ವಯಂಸೇವಾ ಸಂಸ್ಥೆಗಳ ಮೂಲಕ ಬಂದವರು ಎಷ್ಟೋ ಜನ ಇದ್ದಾರೆ. ಇಂಗ್ಲಿಷ್ ಜೊತೆ ಫ್ರೆಂಚ್ ಅಥವಾ ಅರಬಿ ಗಂಭೀರವಾಗಿ ಕಲಿಯಿರಿ.

ಕೆಲಸ ಖಾಯಂ ಅಂದುಕೊಳ್ಳಬೇಡಿ. ಆಯೋಗದ ಅವಧಿಯನ್ನು ಹೆಚ್ಚಾಗಿ ವರ್ಷಕ್ಕೊಮ್ಮೆ ನವೀಕರಿಸುತ್ತಾರೆ, ಮತ ಬೀಳದಿದ್ದರೆ ಕಚೇರಿ ಮುಚ್ಚುತ್ತದೆ. ಈಚಿನ ವರ್ಷಗಳಲ್ಲಿ ವಿಶ್ವಸಂಸ್ಥೆಯ ಹಣದ ಕೊರತೆಯಿಂದ, ಮಂಜೂರಾದ ಹುದ್ದೆಗಳೂ ಖಾಲಿ ಬಿದ್ದಿವೆ.

ಪ್ರಶ್ನೆ: ಮಗಳು ಈ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಜೀವಕ್ಕೆ ಅಪಾಯ ಇಲ್ಲವಾ ತಾಯಿ?

ಪೂರ್ತಿ ಇಲ್ಲ ಅಂತ ಹೇಳಲಾರೆ ಅಮ್ಮ. ಆದರೆ ನಮ್ಮ ಜೊತೆ ಭದ್ರತೆಯವರು ಇರುತ್ತಾರೆ, ಅವರು ಬೇಡ ಅಂದ ಜಾಗಕ್ಕೆ ಹೋಗುವಂತಿಲ್ಲ. ಕೆಲಸದ ಬಹುಪಾಲು ಕಚೇರಿಯಲ್ಲೇ ನಡೆಯುತ್ತದೆ. ನಿಜವಾದ ಅಪಾಯ ನಮಗೆ ದಾರಿ ತೋರಿಸಿದ ಊರಿನವರಿಗೆ, ಸಾಕ್ಷಿ ಹೇಳಿದವರಿಗೆ, ಅವರ ಮನೆಯವರಿಗೆ. ನಾವು ವಿಮಾನ ಹತ್ತಿ ಬರುತ್ತೇವೆ, ಅವರು ಅಲ್ಲೇ ಇರಬೇಕು. ಮಗಳು ಅವರ ವಿಷಯ ಯೋಚಿಸುವವಳಾದರೆ ಕಳಿಸಿಕೊಡಿ.

ಪ್ರಶ್ನೆ: ವಿಶ್ವಸಂಸ್ಥೆಯ ತನಿಖಾ ತಂಡದಲ್ಲಿ ಕೆಲಸ ಸಿಕ್ಕಿದೆ, ನೋಂದಣಿ ಶುಲ್ಕ ಕಟ್ಟಿ ಅಂತ ನನಗೆ ಇಮೇಲ್ ಬಂದಿದೆ. ನಿಜವಾ?

ಸುಳ್ಳು. ಅರ್ಜಿ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆ ದುಡ್ಡು ಕೇಳುವುದಿಲ್ಲ, ಬ್ಯಾಂಕ್ ಖಾತೆಯ ವಿವರವನ್ನೂ ಕೇಳುವುದಿಲ್ಲ. ಅವರ ಅಧಿಕೃತ ಉದ್ಯೋಗ ಜಾಲತಾಣದಲ್ಲಿ ಆ ಹುದ್ದೆ ಇದೆಯಾ ಅಂತ ನೀವೇ ಹುಡುಕಿ, ಇಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ಈಗಾಗಲೇ ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದರೆ ಇವತ್ತೇ ಪೊಲೀಸರಿಗೆ ತಿಳಿಸಿ.